ಸುಕೇಶನ ಮುಖ

ಜನವರಿ 9, 2025, ಗುರುವಾರ

ಅಪ್ಪಿಯಕ್ಕನನ್ನು ಒಂದು ಹಾಸಿಗೆ ಕಂಪನಿಗೆ ಮಾರಿದ್ದಾರೆ ಅಂತ ಇವತ್ತು ಗೊತ್ತಾಯಿತು.

ಚೆಂಬೂರಿನ ಶಾಲೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸಿ ಲೋಕಲ್‌ನಲ್ಲಿ ವಾಪಸು ಬರುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಪಕ್ಕದ ಹುಡುಗಿ ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುತ್ತಿದ್ದಳು. ನಡುವೆ ಜಾಹೀರಾತು ಬಂತು. ಬಿಳಿ ಪರದೆ, ಬಿಳಿ ಹಾಸಿಗೆ, ನಿದ್ದೆಯಲ್ಲೂ ನಗುವ ಗಂಡಹೆಂಡತಿ. ಹಿಂದೆ ಪಿಯಾನೊ. ಮೊದಲ ನಾಲ್ಕು ಸ್ವರ ಕೇಳಿದ್ದೇ ಅವಳ ಮೊಬೈಲಿನತ್ತ ಬಾಗಿದೆ. ಅದು ನನ್ನ ಟ್ಯೂನ್.

2021ರ ಕೊರೊನಾ ಎರಡನೇ ಅಲೆಯಲ್ಲಿ ಅಕ್ಕ ಹೋದಳು. ಅದಾಗಿ ಆರು ತಿಂಗಳು ನಾನು ದಿನಾ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನೀರಿನ ಟಾಂಕಿಗೆ ಒರಗಿ ಸ್ಯಾಕ್ಸೋಫೋನ್ ಊದುತ್ತಿದ್ದೆ. ಹಾಗೆ ಊದುತ್ತ ಊದುತ್ತ ಕಟ್ಟಿದ ಟ್ಯೂನ್ ಅದು. ಹೆಸರೂ 'ಅಪ್ಪಿ' ಎಂದೇ ಇಟ್ಟಿದ್ದೆ.

"ಇನ್ನೊಂದು ಸಲ ಹಾಕ್ತೀಯಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಆಂಟಿ, ವೋ ತೋ ಆ್ಯಡ್ ಥಾ," ಎಂದು, ಜಾಹೀರಾತನ್ನು ಮತ್ತೆ ಹಾಕುವುದು ಹೇಗೆ ಎಂಬಂತೆ, ಆ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಗುರು ತೇಗ್ ಬಹಾದೂರ್ ನಗರದಲ್ಲಿ ಇಳಿಯಬೇಕಿತ್ತು. ಇಳಿದದ್ದು ಮುಂದಿನ ಸ್ಟೇಷನ್ ವಡಾಲಾದಲ್ಲಿ.

ಮನೆಗೆ ಬಂದು ಹುಡುಕಿದೆ. ಸಿಕ್ಕಿತು. ಸುಕೇಶನ ಹೊಸ ಆಲ್ಬಂನಲ್ಲಿ ಮೂರನೆಯದು. ಹೆಸರು 'ಸಂಡೇ ಸೀ'. ರಚನೆ ಸುಕೇಶ್.

ನಾಲ್ಕು ವರ್ಷ ನಾವು ಒಂದೇ ಕ್ವಾರ್ಟೆಟ್‌ನಲ್ಲಿ, ನಾಲ್ವರ ತಂಡದಲ್ಲಿ, ನುಡಿಸಿದವರು. ಅವನು ಪಿಯಾನೊ, ನಾನು ಆಲ್ಟೊ ಸ್ಯಾಕ್ಸ್. ಖಾರ್‌ನಲ್ಲಿರುವ ಅವನ ಮನೆಯಲ್ಲೇ ರಿಹರ್ಸಲ್. ಅಲ್ಲಿ ಒಂದು ದಿನ ಈ ಟ್ಯೂನ್ ಊದಿದ್ದೆ. "ಮರೆತುಹೋಗುತ್ತೆ ಯಾರ್, ಇಟ್ಕೊಳ್ತೀನಿ," ಎಂದು ಅವನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಮುಂದಿನ ವಾರ "ತುಂಬಾ ಸ್ಯಾಡ್ ಇದೆ ವಿನ್ನಿ, ನಮ್ಮ ಸೆಟ್‌ಗೆ ಕೂರಲ್ಲ," ಎಂದ. ಹಾಸಿಗೆಗೆ ಚೆನ್ನಾಗಿ ಕೂತಿದೆ.

ಬಿಡುವುದಿಲ್ಲ ಅವನನ್ನು.

ಜನವರಿ 11

ಫೋನು ಮಾಡಿದೆ. ಕೂಗಬಾರದು ಎಂದು ನಿರ್ಧರಿಸಿಯೇ ಮಾಡಿದ್ದೆ. ಕೂಗಿದೆ.

ಅವನು ಕೂಗಲಿಲ್ಲ. ಆ ಮೆತ್ತಗಿನ ದನಿ ಕೇಳಿದರೆ ಇನ್ನೂ ಮೈ ಉರಿಯುತ್ತದೆ. "ಲಿಸನ್, ನೀನೊಂದು ಫ್ರೇಸ್ ಊದಿದ್ದೆ. ಟ್ಯೂನ್ ಆಗಿದ್ದು ನನ್ನ ಕೈಯಲ್ಲಿ. ಮ್ಯೂಸಿಕ್ ಹಾಗೇ ಅಲ್ವಾ, ಎಲ್ಲರ ಮಧ್ಯೆ ಹುಟ್ಟೋದು?"

"ಅದಕ್ಕೆ ಹೆಸರಿತ್ತು ಸುಕೇಶ್. ಅಕ್ಕನ ಹೆಸರು."

"ಅದು ನಂಗೆ ನೆನಪಿಲ್ಲ. ಪ್ರಾಮಿಸ್," ಎಂದ.

ಸುಳ್ಳು ಹೇಳಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ನೆನಪಿಲ್ಲ ಎಂದು ನನಗೆ ಅನ್ನಿಸಿತು. ಅಕ್ಕನ ಕೈಯ ನೀರುದೋಸೆಯನ್ನು ಡಬ್ಬಿಗಟ್ಟಲೆ ತಿಂದವನು.

ವಕೀಲರೊಬ್ಬರನ್ನು ಕೇಳಿದೆ. ಬರೆದಿಟ್ಟ ಕಾಗದ ಇದೆಯೇ, ತಾರೀಖಿರುವ ರೆಕಾರ್ಡಿಂಗ್ ಇದೆಯೇ ಎಂದರು. ಇರುವ ಒಂದೇ ರೆಕಾರ್ಡಿಂಗ್ ಅವನ ಮೊಬೈಲಿನಲ್ಲಿದೆ.

ಜನವರಿ 12

ಅವನ ಪಿಯಾನೊದೊಳಗೆ ಎರಡು ಕಿಲೊ ಬೆಲ್ಲದ ಪಾಕ ಸುರಿಯಬೇಕು. ಇರುವೆ ಬರುವವರೆಗೆ ಅಲ್ಲೇ ಕೂತು ಕಾಯಬೇಕು.

ಜನವರಿ 20

ರಾಧಿಕಾ ಫೋನು ಮಾಡಿದ್ದರು. ಬಾಂದ್ರಾದಲ್ಲಿ ಹಳೇ ಫರ್ನಿಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಕಾರ್ಯಕ್ರಮ ನಡೆಸುತ್ತಾರೆ. ನಲವತ್ತು ಕುರ್ಚಿ, ಒಂದು ಪಿಯಾನೊ, ಮೈಕು ಬೇಕಾಗದಷ್ಟು ಸಣ್ಣ ಜಾಗ. ಅಲ್ಲಿ ತಿನ್ನುವವರಿಲ್ಲ, ಕುಡಿಯುವವರಿಲ್ಲ. ಕೇಳಲಿಕ್ಕೇ ಬಂದವರು. ಮಾರ್ಚ್ 22, ಶನಿವಾರ ಸಂಜೆ ಏಳಕ್ಕೆ ನನಗೆ ಕೊಟ್ಟಿದ್ದಾರೆ. ಒಂದೇ ಷರತ್ತು, ಎಲ್ಲವೂ ನನ್ನದೇ ರಚನೆ ಆಗಿರಬೇಕು.

ಇಪ್ಪತ್ತು ವರ್ಷದಿಂದ ಊದುತ್ತಿದ್ದೇನೆ. ನನ್ನ ಹೆಸರೊಂದೇ ಇರುವ ಕಾರ್ಯಕ್ರಮ ಇದು ಮೊದಲನೆಯದು. ಖುಷಿ ಆಗಬೇಕಿತ್ತು. ಅಷ್ಟರಲ್ಲಿ ರಾಧಿಕಾ, "ಸುಕೇಶ್ ಪ್ರತಿ ಶೋಗೂ ಬರ್ತಾರೆ, ಮುಂದಿನ ಸಾಲಲ್ಲೇ ಕೂರೋದು. ಕರೆದರೆ ಒಂದು ಟ್ಯೂನ್ ನುಡಿಸೂ ಹೋಗ್ತಾರೆ," ಎಂದರು.

ಆಮೇಲೆ ಅವರು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಜನವರಿ 26, ಭಾನುವಾರ

ಅಪ್ಪನಿಗೆ ಎಲ್ಲ ಹೇಳಿದೆ. ಹೇಳಬಾರದು ಅಂತಲೇ ಇದ್ದೆ. ಎಪ್ಪತ್ತಾರು ವರ್ಷ, ಸಕ್ಕರೆ ಕಾಯಿಲೆ, ಬಾಯಲ್ಲಿ ಉಳಿದಿರುವುದು ಐದು ಹಲ್ಲು. ಮೂಡಬಿದಿರೆಯಿಂದ ಬಂದು ನಲವತ್ತು ವರ್ಷ ಮಾಟುಂಗದ ಮದುವೆ ಹಾಲ್‌ಗಳಲ್ಲಿ ಊದಿದ ಸ್ಯಾಕ್ಸೋಫೋನ್ ಶಾಂತಪ್ಪ ಈಗ ಸೀಟಿಯನ್ನೂ ಊದಲಾರರು. ಎದೆಗೆ ತಾಗೀತೆಂದು ನನಗೆ ಹೆದರಿಕೆ. ಅಕ್ಕ ಅವರಿಗೂ ಮಗಳಲ್ಲವೇ.

ಮೊಬೈಲಿನಲ್ಲಿ ಜಾಹೀರಾತು ತೋರಿಸಿದೆ. ಪೂರ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

"ನೀನು ಎಂತ ಮಾಡ್ತಿ ಈಗ?"

"ಸ್ಟೇಜ್ ಮೇಲೆ ನಿಂತು ಎಲ್ಲರ ಎದುರು ಹೇಳ್ತೇನೆ. ಇವನು ಕಳ್ಳ ಅಂತ."

"ಹೇಳಿದ್ರೆ ಎಂತ ಆಗ್ತದೆ? ಅವನೂ ಹೇಳ್ತಾನೆ. ಮಾತಲ್ಲಿ ಅವನು ನಿನ್ನಿಂದ ಜೋರಿದ್ದಾನೆ. ಬಾಯಿಯಲ್ಲಿ ಬೇಡ ಮಗಾ, ತಾಳದಲ್ಲಿ ಹೊಡಿ."

ಆಮೇಲೆ ಒಂದು ಕತೆ ಹೇಳಿದರು. ನಾನು ಹುಟ್ಟುವ ಮೊದಲಿನದು. ಮದುವೆಯೊಂದಕ್ಕೆ ಹೊರಗಿನಿಂದ ಕ್ಲಾರಿನೆಟ್‌ನವನೊಬ್ಬ ಬಂದಿದ್ದನಂತೆ. ದಿಬ್ಬಣದಲ್ಲಿ ಅಪ್ಪನ ಹೊಸ ವಾದ್ಯ ನೋಡಿ ಇದೆಂತ ನೀರು ಪೈಪಾ ಎಂದು ನಕ್ಕನಂತೆ. ಅಪ್ಪ ಡೋಲಿನವನಿಗೆ ಕಣ್ಣು ಮಿಟುಕಿಸಿದರು. ಆದಿತಾಳದಲ್ಲಿ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಮಿಶ್ರ ಚಾಪು ಆಯಿತು. ಎಂಟರ ಎಣಿಕೆ ಹೋಗಿ ಏಳರದ್ದು. ಕ್ಲಾರಿನೆಟ್‌ನವನು ದಾರಿಯ ನಡುವೆ ವಾದ್ಯ ಕೆಳಗಿಳಿಸಿ ನಿಂತುಬಿಟ್ಟ.

"ಊಟಕ್ಕೂ ನಿಲ್ಲಲಿಲ್ಲ ಅವ!" ಅಪ್ಪ ನಕ್ಕು ನಕ್ಕು ಕೆಮ್ಮಿದರು. ನೀರು ಕೊಟ್ಟೆ. ಕುಡಿದು, ಕಣ್ಣೊರೆಸಿಕೊಂಡು, "ಬಿಡ್ಲಿಕ್ಕಿಲ್ಲ ಅವನನ್ನು," ಎಂದರು.

ಸುಕೇಶ ಕದ್ದದ್ದು ಮೊದಲ ಭಾಗ ಮಾತ್ರ. ಅವತ್ತು ನನ್ನ ಹತ್ತಿರ ಇದ್ದದ್ದೇ ಅಷ್ಟು. ನಡುವಿನ ಭಾಗ ನಾನು ಕಟ್ಟಿದ್ದು ಎರಡು ವರ್ಷ ಬಿಟ್ಟು, ಅದು ಏಳರಲ್ಲಿದೆ. ಅಪ್ಪ, ನಾನು ಮತ್ತು ಟೆರೇಸಿನ ಪಾರಿವಾಳ ಬಿಟ್ಟರೆ ಅದನ್ನು ಯಾರೂ ಕೇಳಿಲ್ಲ.

ಫೆಬ್ರವರಿ 8

ಮೊದಲ ರಿಹರ್ಸಲ್. ಬಾಸ್ ನುಡಿಸುವ ಮುಜಾಹಿದ, ಡ್ರಮ್ಸ್‌ಗೆ ಕಿಶೋರ. ಮುಜಾಹಿದನ ಮನೆಯವರು ವಿಜಯಪುರದವರು. ಹಗಲು ಧಾರಾವಿಯಲ್ಲಿ ಫ್ರಿಜ್ ರಿಪೇರಿ ಮಾಡುತ್ತಾನೆ. ಆಳೆತ್ತರದ ಆ ತಂತಿವಾದ್ಯವನ್ನು ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಲ್ಲಿಸಿಕೊಂಡು ಬರುತ್ತಾನೆ.

ಯೋಜನೆ ವಿವರಿಸಿದೆ. ಕೊನೆಯ ಟ್ಯೂನ್‌ಗೆ ಸುಕೇಶನನ್ನು ಮೇಲೆ ಕರೆಯುವುದು. 'ನಿನ್ನ' ಟ್ಯೂನ್ ಒಟ್ಟಿಗೆ ನುಡಿಸೋಣ ಎನ್ನುವುದು. ಹದಿನಾರು ಬಾರ್, ಹದಿನಾರು ಆವರ್ತ, ಅವನಿಗೆ ಗೊತ್ತಿರುವ ದಾರಿ. ಹದಿನೇಳನೆಯದಕ್ಕೆ ಸದ್ದಿಲ್ಲದೆ ಏಳಕ್ಕೆ ತಿರುಗುವುದು. ಯಾರೂ ಅವನಿಗೆ ಸನ್ನೆ ಕೊಡಬಾರದು. ಕಿಶೋರ ನಕ್ಕ, ಅವನಿಗೆ ಇಂಥದ್ದು ಇಷ್ಟ. ಮುಜಾಹಿದ ನಗಲಿಲ್ಲ, ಬಾಸಿನ ಕುತ್ತಿಗೆ ಹಿಡಿದುಕೊಂಡು ನನ್ನ ಕಡೆ ತಿರುಗಿದ.

"ಅಕ್ಕಾರ, ಇದು ಹಾಡು ಅಲ್ರೀ. ಹೊಂಚು."

"ಹೌದು. ಹೊಂಚೇ. ನುಡಿಸ್ತೀಯೋ ಇಲ್ವೋ?"

"ನುಡಸ್ತೀನ್ರಿ. ಹೇಳಿದೆ ಅಷ್ಟ."

ಫೆಬ್ರವರಿ 16

ರಿಹರ್ಸಲ್ ಹಾಳಾಯಿತು. ತಪ್ಪು ಮುಜಾಹಿದನದು.

ನಡುವಿನ ಭಾಗ ಅವನಿಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಎಣಿಸುತ್ತಿದ್ದ, ತಪ್ಪುತ್ತಿದ್ದ. "ಎಣಿಸಬೇಡ, ನಡಿ," ಎಂದೆ. "ಹ್ಯಾಂಗ್ ನಡೀಲ್ರಿ?" ಎಂದ. ನಾನು ಎದ್ದು ನಡೆದು ತೋರಿಸಿದೆ. ಒಂದು ಕಾಲು ಚಿಕ್ಕ ಹೆಜ್ಜೆ, ಇನ್ನೊಂದು ಎಳೆದು ಉದ್ದ ಹೆಜ್ಜೆ. ತಕಿಟ, ತಕಧಿಮಿ. ಮೂರು ಮತ್ತು ನಾಲ್ಕು, ಏಳು.

"ಯಾರ ನಡಿಗಿ ಇದು?"

ಅಕ್ಕನದು ಎಂದೆ. ಎಡ ಮಂಡಿ ಕೆಟ್ಟಿತ್ತು. ಮಾಟುಂಗದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಹನ್ನೆರಡು ತಾಸು ನಿಂತು, ಸಂಜೆ ಬಂದು ನಾಲ್ಕು ಮಹಡಿ ಹತ್ತುತ್ತಿದ್ದಳು. ಕೆಳಗಿನ ಮೆಟ್ಟಿಲಿನಿಂದಲೇ ಆ ಸದ್ದು ಗೊತ್ತಾಗುತ್ತಿತ್ತು. ಸದ್ದು ಕೇಳಿದ್ದೇ ನಾನು ಟಿವಿ ಆರಿಸಿ ಸ್ಯಾಕ್ಸ್ ಬಾಯಿಗಿಡುತ್ತಿದ್ದೆ, ಇಡೀ ದಿನ ಅಭ್ಯಾಸ ಮಾಡಿದವಳ ಹಾಗೆ. ಅವಳು ಒಳಗೆ ಬಂದು ಟಿವಿಯ ಬೆನ್ನು ಮುಟ್ಟಿ ನೋಡುತ್ತಿದ್ದಳು. ಬಿಸಿ ಇದ್ದರೆ ಅವತ್ತು ನನಗೆ ಬೈಗುಳದ ಊಟ.

ಮುಜಾಹಿದ ನಕ್ಕ. ಕಿಶೋರನೂ ನಕ್ಕ. ನಾನು ಮತ್ತೊಂದು ಹೇಳಿದೆ, ಇನ್ನೊಂದು ಹೇಳಿದೆ. ಅಮ್ಮ ಸತ್ತಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು ಎಂದು. ಹೆಣ್ಣುಮಗಳು ಮದುವೆಯಲ್ಲಿ ಊದುವುದೆಂತದು ಎಂದ ಸಂಬಂಧಿಕರನ್ನು ಬಾಗಿಲಿನಿಂದಲೇ ಕಳಿಸಿದ್ದು. ಆಸ್ಪತ್ರೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಮೊಬೈಲು ಮತ್ತು ಎರಡು ಬಳೆ ಮಾತ್ರ ಬಂದದ್ದು. ಕೊನೆಯದನ್ನು ಯಾಕೆ ಹೇಳಿದೆನೋ. ನೋಡಿದರೆ ಒಂದು ತಾಸು ಕಳೆದಿತ್ತು.

ಮತ್ತೆ ನುಡಿಸಿದಾಗ ಮುಜಾಹಿದ ಒಮ್ಮೆಯೂ ತಪ್ಪಲಿಲ್ಲ. ಮುಗಿದ ಮೇಲೆ ಬಾಸಿಗೆ ಕವರು ಹಾಕುತ್ತ, "ಅಂದ್ರ ಆಕಿ ಕಾಲು ಅಡ್ಡ ಕೊಟ್ಟು ಅವನ್ನ ಬೀಳಸ್ತೀರೇನ್ರಿ?" ಎಂದ.

ನನ್ನ ಪಿತ್ತ ನೆತ್ತಿಗೇರಿತು. ನಿನ್ನನ್ನು ಬಾಸ್ ನುಡಿಸಲು ಕರೆದದ್ದು, ಬುದ್ಧಿ ಹೇಳಲಿಕ್ಕಲ್ಲ ಎಂದೆ. ಅವನು ಬಾಸ್ ಎತ್ತಿಕೊಂಡು ಹೊರಟುಹೋದ.

ಬೇರೆ ಬಾಸಿನವರು ಈಗ ಸಿಗುವುದಿಲ್ಲ. ಅದಕ್ಕೇ ಮನೆಗೆ ಬಂದು 'ಸಾರಿ' ಎಂದು ಮೆಸೇಜು ಹಾಕಿದೆ. ಬೇರೆ ಕಾರಣವಿಲ್ಲ.

ಮಾರ್ಚ್ 2

ಎರಡು ವಾರ ಇಲ್ಲಿ ಬರೆಯಲು ಪುರುಸೊತ್ತಾಗಲಿಲ್ಲ. ಎರಡು ಹೊಸ ಟ್ಯೂನ್ ಮುಗಿದವು. ಒಂದು ಟಿವಿಯ ಬಿಸಿ ಬೆನ್ನಿನದು, ತಮಾಷೆಯದು. ಅಪ್ಪ ಅದನ್ನು ಕೇಳಿ ಮಂಚದ ಪಟ್ಟಿಗೆ ತಾಳ ಹಾಕಿದರು. ಇನ್ನೊಂದಕ್ಕೆ ಹೆಸರಿಲ್ಲ. ಮುಜಾಹಿದ ಅದಕ್ಕೊಂದು ಆರಂಭ ಸೂಚಿಸಿದ, ಬಾಸ್ ಒಂಟಿಯಾಗಿ ಶುರುವಾಗುವುದು. ನಾನು ಇಟ್ಟದ್ದಕ್ಕಿಂತ ಚೆನ್ನಾಗಿತ್ತು, ಅದನ್ನೇ ಇಟ್ಟೆವು. ಕೆಳತುಟಿ ಒಳಗೆ ಹಲ್ಲು ತಾಗಿ ಹುಣ್ಣಾಗಿದೆ, ದಿನಕ್ಕೆ ನಾಲ್ಕು ತಾಸು ಊದಿದರೆ ಇನ್ನೇನಾಗುತ್ತದೆ.

ಸುಕೇಶನ ಬಗ್ಗೆ ಬರೆಯಲು ಕೂತಿದ್ದೆ. ಕೋಪ ಕಡಿಮೆಯಾಗಿದೆ ಎಂದಲ್ಲ. ಖಚಿತ ಮಾಡಿಕೊಳ್ಳಲು ಆ ಜಾಹೀರಾತನ್ನು ಮತ್ತೆ ಹಾಕಿ ನೋಡಿದೆ. ಇದೆ ಕೋಪ. ಸರಿಯಾಗಿಯೇ ಇದೆ.

ಮಾರ್ಚ್ 21

ಸುಕೇಶನ ಮೆಸೇಜು: 'ನಾಳೆ ಬರ್ತಿದೀನಿ ವಿನ್ನಿ. ಫ್ರಂಟ್ ರೋ. ನೋ ಹಾರ್ಡ್ ಫೀಲಿಂಗ್ಸ್, ಓಕೆ?' ಕೊನೆಗೆ ಒಂದು ಹೂವಿನ ಚಿತ್ರ.

'ಖಂಡಿತ ಬಾ. ಕೊನೆಗೆ ನಿನ್ನ ಟ್ಯೂನ್ ಒಟ್ಟಿಗೆ ನುಡಿಸೋಣ,' ಎಂದು ಬರೆದೆ. ಹೂವಿನ ಚಿತ್ರವನ್ನೂ ಹಾಕಿದೆ. ಎರಡು ಹಾಕಿದೆ.

ಅಪ್ಪನಿಗೆ ನಾಲ್ಕು ಮಹಡಿ ಇಳಿಯಲು ಆಗುವುದಿಲ್ಲ. "ಅವನ ಮುಖ ನೋಡಿ ಬಾ. ಒಂದೊಂದೂ ನೋಡಿ ಬಂದು ನನಗೆ ಹೇಳ್ಬೇಕು," ಎಂದರು. ನೋಡದೆ ಇರುತ್ತೇನೆಯೇ? ಎಪ್ಪತ್ತೆರಡು ದಿನದಿಂದ ಕಾಯುತ್ತಿರುವುದೇ ಆ ಮುಖಕ್ಕೆ.

ಮಾರ್ಚ್ 23, ಭಾನುವಾರ ಬೆಳಿಗ್ಗೆ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಕೋಣೆ ತುಂಬಿತ್ತು. ಹಿಂದೆ ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿದ್ದರು. ಸುಕೇಶ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಲ್ಲಿ, ನನ್ನಿಂದ ಆರು ಅಡಿ ದೂರದಲ್ಲಿ. ಮೊದಲ ಟ್ಯೂನ್ ಅನ್ನು ಅವಸರದಲ್ಲಿ ಊದಿದೆ. ಎರಡನೆಯದಕ್ಕೆ ಸರಿಯಾಯಿತು. ಟಿವಿಯ ಟ್ಯೂನ್‌ಗೆ ಜನ ನಕ್ಕರು, ನಗಬೇಕಾದ ಜಾಗದಲ್ಲೇ ನಕ್ಕರು. ಹೆಸರಿಲ್ಲದ ಟ್ಯೂನ್‌ನಲ್ಲಿ ಮುಜಾಹಿದ ಒಬ್ಬನೇ ಶುರು ಮಾಡಿದಾಗ ಗೋಡೆಗೆ ಒರಗಿದ್ದವರು ಒಂದು ಹೆಜ್ಜೆ ಮುಂದೆ ಬಂದರು.

ಕೊನೆಗೆ ಅವನನ್ನು ಕರೆದೆ. ಬಂದ. ಪಿಯಾನೊ ಮುಂದೆ ಕೂರುವ ಮೊದಲು ಜನರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದು ನನ್ನ ಟ್ಯೂನ್, ಆದರೆ ವಿನ್ನಿ ನನಗಿಂತ ಚೆನ್ನಾಗಿ ನುಡಿಸುತ್ತಾಳೆ ಎಂದ. ಚಪ್ಪಾಳೆ ಬಿತ್ತು. ನಾನು ನಕ್ಕೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ನಕ್ಕಿಲ್ಲ.

ಮೊದಲ ಹದಿನಾರು ಬಾರ್ ಅವನು ಸುಂದರವಾಗಿ ನುಡಿಸಿದ. ಅದನ್ನೂ ಬರೆಯಬೇಕು. ಆ ಬೆರಳುಗಳಿಗೆ ಅಷ್ಟು ಸಂಗೀತ ಕೊಟ್ಟ ದೇವರ ಮೇಲೂ ಸಿಟ್ಟು ಬಂತು.

ಹದಿನೇಳನೆಯದಕ್ಕೆ ತಿರುಗಿದೆವು.

ಅವನ ಎಡಗೈ ಹಳೆಯ ದಾರಿಯಲ್ಲೇ ಹೋಯಿತು. ಬಿದ್ದ ಜಾಗದಲ್ಲಿ ತಾಳ ಇರಲಿಲ್ಲ. ಇನ್ನೊಂದು ಸ್ವರಗುಚ್ಛ ಒತ್ತಿದ, ಅದೂ ತಪ್ಪು. ಕಿಶೋರನ ಕಡ್ಡಿ ನೋಡಿದ, ಮುಜಾಹಿದನ ಬೆರಳು ನೋಡಿದ. ತಮಾಷೆ ಎಂಬಂತೆ ಸಣ್ಣದಾಗಿ ನಕ್ಕ. ಮತ್ತೆ ಪ್ರಯತ್ನಿಸಿದ. ಆಮೇಲೆ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕಿವಿ ಕೆಂಪಾಯಿತು. ತನ್ನದೇ ಎಂದು ಈಗಷ್ಟೇ ಹೇಳಿದ ಟ್ಯೂನ್ ಎದುರು ಕೈ ಚೆಲ್ಲಿ ಕೂತವನನ್ನು ಇಡೀ ಕೋಣೆ ನೋಡುತ್ತಿತ್ತು. ನಾನೂ ಒಂದು ಕ್ಷಣ ನೋಡಿದೆ. ಒಂದೇ ಕ್ಷಣ. ನಿಜವಾದ ನೋಟ ಆಮೇಲೆ ನೋಡಿದರಾಯಿತು, ಮೊದಲು ಈ ಸುತ್ತು ಮುಗಿಯಲಿ ಎಂದುಕೊಂಡೆ.

ಆ ಸುತ್ತು ಮುಗಿಯಲಿಲ್ಲ. ಒಂದೇ ಸುತ್ತು ಊದಿ ಮೊದಲ ಭಾಗಕ್ಕೆ ಮರಳಬೇಕು ಎಂದು ಮಾತಾಗಿತ್ತು. ನಾನು ಮರಳಲಿಲ್ಲ. ಕಣ್ಣು ಮುಚ್ಚಿತ್ತು. ಕೆಳಗಿನ ಮೆಟ್ಟಿಲಿನಿಂದ ಸದ್ದು ಶುರುವಾಗಿತ್ತು, ಅಕ್ಕ ಮೇಲೆ ಬರುವವರೆಗೆ ನಿಲ್ಲಿಸುವ ಹಾಗಿರಲಿಲ್ಲ. ಎರಡನೇ ಮಹಡಿಯಲ್ಲಿ ಅವಳು ಮೆಟ್ಟಿಲಂಚಿನ ಕಟಾಂಜನ ಹಿಡಿದು ನಿಲ್ಲುತ್ತಿದ್ದಳು, ಅಲ್ಲಿ ನಾನೂ ನಿಂತೆ. ಬಾಸೂ ನಿಂತಿತು, ನಾನು ಹೇಳಿರಲಿಲ್ಲ. ಮತ್ತೆ ಹೊರಟೆವು. ಎಷ್ಟು ಸುತ್ತು ಊದಿದೆನೋ ತಿಳಿಯದು. ಹನ್ನೊಂದು ನಿಮಿಷ ಎಂದು ಕಿಶೋರ ಆಮೇಲೆ ಹೇಳಿದ. ತುಟಿಯ ಹುಣ್ಣು ಒಡೆದು ಬಾಯಲ್ಲಿ ಉಪ್ಪುಪ್ಪು ರುಚಿ.

ಕಣ್ಣು ತೆಗೆದಾಗ ಜನ ಎದ್ದು ನಿಂತಿದ್ದರು. ಪಿಯಾನೊದ ಸ್ಟೂಲ್ ಖಾಲಿ ಇತ್ತು.

ಯಾವಾಗ ಎದ್ದು ಹೋದನೋ! ತಲೆ ತಗ್ಗಿಸಿ ಹೋದನೋ, ನೆಟ್ಟಗೆ ಹೋದನೋ, ಬಾಗಿಲಲ್ಲಿ ತಿರುಗಿ ನೋಡಿದನೋ. ಇಷ್ಟು ದಿನ ಕಾದು, ಅಷ್ಟು ಹತ್ತಿರ ನಿಂತು, ಅದನ್ನೇ ನೋಡಲಿಲ್ಲ ನಾನು. ಇಂಥ ಮೂರ್ಖಳು ಇನ್ನೊಬ್ಬಳಿದ್ದಾಳೆಯೇ?

"ಅವನ ಮುಖ ಹೇಗಿತ್ತು?" ಎಂದು ಮುಜಾಹಿದನನ್ನು ಕೇಳಿದೆ.

"ನಾ ನೋಡ್ಲಿಲ್ರಿ ಅಕ್ಕಾರ. ನಿಮ್ಮನ್ನ ನೋಡಾಕತ್ತಿದ್ದೆ."

ಕಿಶೋರನೂ ನೋಡಿಲ್ಲ. ಟ್ರಂಪೆಟ್ ನುಡಿಸುವ ಸೋಮನಾಥ ಎಂಬ ಹಿರಿಯರೊಬ್ಬರು ಬಂದು ಕೈ ಹಿಡಿದುಕೊಂಡರು. "ಆ ಟ್ಯೂನ್ ಯಾರದು ಅಂತ ಇವತ್ತು ಈ ಕೋಣೆಗೆ ಗೊತ್ತಾಯ್ತು," ಎಂದರು. ಅವನ ಮುಖ ನೋಡಿದಿರಾ ಎಂದು ಅವರನ್ನೂ ಕೇಳಬೇಕೆಂದಿದ್ದೆ, ನಾಚಿಕೆಯಾಯಿತು. ರೆಕಾರ್ಡಿಂಗ್ ಹಾಕಲು ಕೊನೆಯ ಟ್ಯೂನ್‌ನ ಹೆಸರೇನೆಂದು ರಾಧಿಕಾ ಕೇಳಿದರು. 'ಅಪ್ಪಿ', ರಚನೆ ವಿನೋದಿನಿ ಶಾಂತಪ್ಪ ಎಂದು ಕಾಗದದಲ್ಲಿ ಬರೆದುಕೊಟ್ಟೆ, ತಾರೀಖು ಹಾಕಿ. ರೆಕಾರ್ಡಿಂಗ್‌ನಲ್ಲಿ ಅವನ ಮುಖ ಇದೆಯೇ ಎಂದು ಕೇಳಿದೆ. ಇಲ್ಲವಂತೆ. ಕ್ಯಾಮೆರಾ ಇಟ್ಟಿದ್ದು ನನ್ನ ಕಡೆಗೆ.

ಅದೇ ದಿನ, ಮಧ್ಯಾಹ್ನ

ಅಪ್ಪ ಎದ್ದಾಗಿನಿಂದ ಕಾಯುತ್ತಿದ್ದರು. ಚಹಾವನ್ನೂ ಮುಟ್ಟಿರಲಿಲ್ಲ.

"ಹೇಳು. ಮುಖ ಹೇಗಾಯ್ತು ಅವನದು?"

ಹೇಳಿದೆ. ಮೊದಲು ಹುಬ್ಬು ಮೇಲೇರಿತು, ಬಾಯಿ ತೆರೆದುಕೊಂಡಿತು, ಬೆವರು ಮೂಗಿನ ತುದಿಯಿಂದ ಪಿಯಾನೊದ ಕಪ್ಪು ಕೀಲಿಯ ಮೇಲೆ ತೊಟ್ಟಿಕ್ಕಿತು ಎಂದೆ. ಏಳುವಾಗ ಸ್ಟೂಲಿಗೆ ಕಾಲು ಸಿಕ್ಕಿಹಾಕಿಕೊಂಡಿತು. ಬಾಗಿಲು ದೂಡಬೇಕಾದಲ್ಲಿ ಎಳೆದ. ಎಳೆದೇ ಎಳೆದ. ಅಪ್ಪ ಐದೂ ಹಲ್ಲು ಬಿಟ್ಟು ನಕ್ಕರು, ಮಂಚ ಬಡಿದರು. "ಬಾಗಿಲು! ಬಾಗಿಲು ಎಳ್ದನಾ!" ಎಂದು ಮೂರು ಸಲ ಹೇಳಿಸಿದರು. ಮೂರೂ ಸಲ ಏನಾದರೊಂದು ಸೇರಿಸಿದೆ.

ನಕ್ಕು ಸುಸ್ತಾಗಿ ಗೋಡೆಗೆ ಒರಗಿದರು.

"ಅವಳಿಗೆ ಇದೆಲ್ಲ ಆಗ್ತಿರ್ಲಿಲ್ಲ ಅಲ್ವಾ?" ಎಂದರು. "ಅಪ್ಪಿಗೆ."

"ಇಲ್ಲ ಅಪ್ಪ. ನಮ್ಮಿಬ್ಬರಿಗೂ ಬೈತಿದ್ಲು."

"ಬೈಲಿ," ಎಂದರು. ಕನ್ನಡಕ ತೆಗೆದರು. ಒರೆಸಿದ್ದು ಕನ್ನಡಕವನ್ನಲ್ಲ. ನಾನು ಆರಿದ ಚಹಾ ಬಿಸಿ ಮಾಡಲು ಒಳಗೆ ಹೋದೆ.

ಏಪ್ರಿಲ್ 4

ರಾಧಿಕಾ ಅವರ ರೆಕಾರ್ಡಿಂಗ್ ನೋಡಿ ಪುಣೆಯಿಂದ ಕರೆ ಬಂದಿದೆ. ಮೇ ಮೊದಲ ವಾರ, ಅರವತ್ತು ಕುರ್ಚಿಯ ಜಾಗ. ಮುಜಾಹಿದನ ಬಾಸನ್ನು ರೈಲಿನಲ್ಲಿ ಹೇಗೆ ಒಯ್ಯುವುದು ಎಂಬುದೇ ದೊಡ್ಡ ಪ್ರಶ್ನೆ. ಹೆಸರಿಲ್ಲದ ಟ್ಯೂನ್‌ಗೆ ಅವನ ಹೆಸರನ್ನೂ ಸೇರಿಸಿ ಬರೆದೆ, ಆರಂಭ ಅವನದೇ ತಾನೆ. ತುಟಿಯ ಹುಣ್ಣು ವಾಸಿಯಾಗಿದೆ. ಹೊಸದೊಂದು ಟ್ಯೂನ್ ಶುರುವಾಗಿದೆ, ಐದರ ಎಣಿಕೆಯಲ್ಲಿ. ಎಲ್ಲಿಗೆ ಹೋಗುತ್ತದೋ ನೋಡಬೇಕು.

ಟೆರೇಸಿನಿಂದ ಇಳಿದು ಬಂದು ನೋಡಿದರೆ ಮೊಬೈಲಿನಲ್ಲಿ ಸುಕೇಶನ ಎರಡು ಮಿಸ್ಡ್ ಕಾಲ್. ಜಗಳಕ್ಕೋ, ಕ್ಷಮೆಗೋ, ನಡುವಿನ ಭಾಗ ಕಳಿಸು ಎನ್ನಲಿಕ್ಕೋ, ಅವನದು ಹೇಳಲು ಬರುವುದಿಲ್ಲ. ಆ ಹಾಸಿಗೆಯ ಜಾಹೀರಾತು ಇನ್ನೂ ಬರುತ್ತಿದೆ. ತಿರುಗಿ ಫೋನು ಮಾಡಿ ಸರಿಯಾಗಿ ಬೈಯಬೇಕು. ನಾಳೆ ಆಗುವುದಿಲ್ಲ, ರಿಹರ್ಸಲ್ ಇದೆ. ಭಾನುವಾರ ಕಿಶೋರ ಬರುತ್ತಾನೆ. ಸೋಮವಾರ ಶಾಲೆ. ಮಂಗಳವಾರ ನೋಡೋಣ.

ಮರೆತುಹೋದೀತು ಎಂದು ಇಲ್ಲಿ ಬರೆದಿಟ್ಟಿದ್ದೇನೆ.